ಅರ್ಜಿ ನಿಮ್ಮದೇ ಆಗಿರಲಿ



ಹೊರದೇಶಕ್ಕೆ ಓದಲು ಹೊರಟ ಮಗನೋ ಮಗಳೋ ಇರುವ ಮನೆಯಲ್ಲಿ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ವೀಸಾ ಆಯಿತೇ? ಇವತ್ತು ಆ ಪ್ರಶ್ನೆಯ ಬಗ್ಗೆಯೇ ಮಾತಾಡೋಣ. ದೇಶಗಳು ಹಲವು. ಒಂದೊಂದು ದೇಶದ್ದು ಒಂದೊಂದು ನಿಯಮ. ಎಲ್ಲವನ್ನೂ ಇಪ್ಪತ್ತು ನಿಮಿಷದಲ್ಲಿ ಹೇಳಲು ಹೋದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಒಂದೇ ದೇಶವನ್ನು ತೆಗೆದುಕೊಳ್ಳುತ್ತೇನೆ. ಅದು ಅಮೆರಿಕ. 2024–25ರ ಶೈಕ್ಷಣಿಕ ವರ್ಷದಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 3 ಲಕ್ಷ 60 ಸಾವಿರ. ಹೊರಗಿನಿಂದ ಅಲ್ಲಿಗೆ ಓದಲು ಹೋದವರಲ್ಲಿ ನಮ್ಮವರದೇ ದೊಡ್ಡ ಗುಂಪು.

ನಾನು ಹೇಳಬೇಕಾದ ಮಾತು ಒಂದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ವೀಸಾ ಅರ್ಜಿ ವಿದ್ಯಾರ್ಥಿಯದೇ ಆಗಿರಬೇಕು. ಏಜೆಂಟರದಲ್ಲ. ಅಪ್ಪನದಲ್ಲ. ಹೋದ ವರ್ಷ ವೀಸಾ ಸಿಕ್ಕ ಗೆಳೆಯನದೂ ಅಲ್ಲ. ಅರ್ಜಿಯ ಪ್ರತಿ ಸಾಲೂ ವಿದ್ಯಾರ್ಥಿಗೆ ಗೊತ್ತಿರಬೇಕು. ಪ್ರತಿ ಸಾಲೂ ನಿಜವಾಗಿರಬೇಕು. ಮಿಕ್ಕದ್ದೆಲ್ಲ ಇದರ ವಿವರ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ. ನಮ್ಮ ಕಲ್ಪನೆಯ ಹುಡುಗಿಯೇ. ಸಿವಿಲ್ ಇಂಜಿನಿಯರಿಂಗ್ ಓದಿದ್ದಾಳೆ. ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಮನೆಯಲ್ಲಿ ಅಡಿಕೆ ತೋಟವಿದೆ. ಚಿಕ್ಕಪ್ಪ ನ್ಯೂಜೆರ್ಸಿಯಲ್ಲಿದ್ದಾರೆ. ನೀರಿನ ನಿರ್ವಹಣೆಯಲ್ಲಿ ಎಂ.ಎಸ್. ಮಾಡಲು ಅಮೆರಿಕದ ಒಂದು ವಿಶ್ವವಿದ್ಯಾಲಯ ಅವಳಿಗೆ ಸೀಟು ಕೊಟ್ಟಿದೆ. ಇಲ್ಲಿಂದ ವೀಸಾದವರೆಗೆ ಅವಳ ದಾರಿ ಹೇಗಿರುತ್ತದೆ, ನೋಡೋಣ.

ಮೊದಲ ಕಾಗದದ ಹೆಸರು ಐ-20. ಇದನ್ನು ಕೊಡುವುದು ಸರ್ಕಾರವಲ್ಲ, ವಿಶ್ವವಿದ್ಯಾಲಯ. ಆದರೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಕೊಡುವ ಅಧಿಕಾರವಿಲ್ಲ. ಅಮೆರಿಕ ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆ ಮಾತ್ರ ಕೊಡಬಹುದು. ಅದರಲ್ಲಿ ವಿದ್ಯಾರ್ಥಿಯ ಹೆಸರು ಇರುತ್ತದೆ. ಓದುವ ವಿಷಯ ಇರುತ್ತದೆ. ತರಗತಿ ಶುರುವಾಗುವ ದಿನ ಇರುತ್ತದೆ. ಒಂದು ವರ್ಷಕ್ಕೆ ಎಷ್ಟು ಖರ್ಚು, ಆ ಹಣ ಎಲ್ಲಿಂದ ಬರುತ್ತದೆ ಎಂಬ ಲೆಕ್ಕವೂ ಇರುತ್ತದೆ. ಜೊತೆಗೆ ‘ಎನ್’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ. ಅದು ಸೆವಿಸ್ ಸಂಖ್ಯೆ. ಸೆವಿಸ್ ಎಂದರೆ ಹೊರದೇಶದ ವಿದ್ಯಾರ್ಥಿಗಳ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆ. 2001ರ ಸೆಪ್ಟೆಂಬರ್ ದಾಳಿಯ ನಂತರ, 2003ರಲ್ಲಿ ಅದು ಜಾರಿಗೆ ಬಂತು. ಓದು ಮುಗಿಯುವವರೆಗೆ ವಿದ್ಯಾರ್ಥಿಯ ನೋಂದಣಿ, ವಿಳಾಸ, ಕೆಲಸ, ಎಲ್ಲವೂ ಅದೇ ಸಂಖ್ಯೆಯಡಿ ದಾಖಲಾಗುತ್ತವೆ.

ಐ-20 ಬಂದ ಮೇಲೆ ಸೆವಿಸ್ ಶುಲ್ಕ ಕಟ್ಟಬೇಕು. ಅದು 350 ಡಾಲರ್. ಆಮೇಲೆ ಡಿಎಸ್-160 ಎಂಬ ಅರ್ಜಿ ತುಂಬಬೇಕು. ಇದು ಕಂಪ್ಯೂಟರಿನಲ್ಲೇ ತುಂಬುವ ಅರ್ಜಿ. ವೀಸಾ ಶುಲ್ಕ 185 ಡಾಲರ್. ಡಾಲರಿಗೆ 90 ರೂಪಾಯಿ ಲೆಕ್ಕ ಹಿಡಿದರೂ ಎರಡೂ ಸೇರಿ ಹತ್ತಿರ ಹತ್ತಿರ 50 ಸಾವಿರ ರೂಪಾಯಿ. ವೀಸಾ ಸಿಗದಿದ್ದರೆ ವೀಸಾ ಶುಲ್ಕ ವಾಪಸು ಬರುವುದಿಲ್ಲ.

ಶುಲ್ಕ ಕಟ್ಟಿದ ಮೇಲೆ ಎರಡು ದಿನಾಂಕ ಹಿಡಿಯಬೇಕು. ಒಂದು, ಬೆರಳಚ್ಚು ಮತ್ತು ಫೋಟೋಗೆ. ಇನ್ನೊಂದು, ಸಂದರ್ಶನಕ್ಕೆ. ಕರ್ನಾಟಕ ಸೇರುವುದು ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ. ಅಣ್ಣಾ ಸಾಲೈನ ಜೆಮಿನಿ ಸರ್ಕಲ್ ಬಳಿ ಇರುವ ಆ ಕಟ್ಟಡದ ಮುಂದೆ ನಮ್ಮ ಮಕ್ಕಳು ಎಷ್ಟೋ ವರ್ಷದಿಂದ ಸಾಲು ನಿಂತಿದ್ದಾರೆ. ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೆ ವೀಸಾ ಕೆಲಸ ಆಗಲೇ ಅಲ್ಲಿ ಶುರುವಾಗಲಿಲ್ಲ.

ಇಷ್ಟು ಹೊತ್ತು ಹೇಳಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಮೊದಲು ಸೀಟು. ಆಮೇಲೆ ಐ-20. ಆಮೇಲೆ ಸೆವಿಸ್ ಶುಲ್ಕ. ಆಮೇಲೆ ಡಿಎಸ್-160 ಮತ್ತು ವೀಸಾ ಶುಲ್ಕ. ಕೊನೆಗೆ ಬೆರಳಚ್ಚು, ಸಂದರ್ಶನ. ಇದು ದಾರಿ. ಈ ದಾರಿಯಲ್ಲಿ ನಮ್ಮವರು ಎಡವುವ ಜಾಗಗಳು ಯಾವುವು? ಒಂದೊಂದಾಗಿ ನೋಡೋಣ.

ಮೊದಲನೆಯದು ಹೆಸರು.

ನಗಬೇಡಿ. ನಮ್ಮ ಹೆಸರುಗಳೇ ಹಾಗಿವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಪ್ಪನದು. ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ. ಇಲ್ಲವೇ ಉಪನಾಮದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಕಷ್ಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಅರ್ಜಿಯಲ್ಲಿ ಉಪನಾಮಕ್ಕೆ ಒಂದು ಜಾಗ, ಹೆಸರಿಗೆ ಒಂದು ಜಾಗ. ಎರಡನ್ನೂ ತುಂಬಲೇಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದು ಉಪನಾಮದ ಜಾಗಕ್ಕೆ ಹೋಗುತ್ತದೆ. ಹೆಸರಿನ ಜಾಗದಲ್ಲಿ ಎಫ್ಎನ್‌ಯು ಎಂಬ ಮೂರು ಅಕ್ಷರ ಬರುತ್ತದೆ. ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಅಲ್ಲಿಗೆ ಹೋದ ಮೇಲೆ ಬ್ಯಾಂಕಿನಲ್ಲಿ, ಡ್ರೈವಿಂಗ್ ಲೈಸೆನ್ಸಿನಲ್ಲಿ, ವಿಶ್ವವಿದ್ಯಾಲಯದ ಗುರುತಿನ ಚೀಟಿಯಲ್ಲಿ ಆ ಮೂರು ಅಕ್ಷರ ಬೆನ್ನು ಬಿಡುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟನ್ನು ಸರಿಪಡಿಸಿಕೊಳ್ಳಿ. ಆಮೇಲೆ ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಐ-20ಯಲ್ಲಿ, ಶುಲ್ಕದ ರಸೀದಿಯಲ್ಲಿ, ಡಿಎಸ್-160ರಲ್ಲಿ, ಎಲ್ಲ ಕಡೆ ಅದೇ ಕಾಗುಣಿತ. ಈ ಕೆಲಸವನ್ನು ಬೇರೆಯವರಿಗೆ ಬಿಟ್ಟರೆ ಅವರು ತಮಗೆ ತೋಚಿದಂತೆ ನಿಮ್ಮ ಹೆಸರನ್ನು ಒಡೆಯುತ್ತಾರೆ.

ಹೆಸರಿನ ಮಾತು ಮುಗಿಯಿತು. ಪಾಸ್‌ಪೋರ್ಟು ಹೇಗೋ ಹಾಗೆ ಎಲ್ಲ ಕಾಗದ. ಈಗ ಎರಡನೆಯದಕ್ಕೆ ಬರೋಣ. ಅದು ಹಣ.

ನಮ್ಮ ಹುಡುಗಿಯ ಐ-20ಯಲ್ಲಿ ವರ್ಷಕ್ಕೆ 50 ಸಾವಿರ ಡಾಲರ್ ಖರ್ಚು ಎಂದಿದೆ ಎನ್ನೋಣ. ನಮ್ಮ ಲೆಕ್ಕದಲ್ಲಿ 45 ಲಕ್ಷ ರೂಪಾಯಿ. ಕನಿಷ್ಠ ಮೊದಲ ವರ್ಷದ ಹಣ ಕೈಯಲ್ಲಿದೆ ಎಂದು ಅವಳು ತೋರಿಸಬೇಕು. ಉಳಿದ ವರ್ಷಕ್ಕೆ ಹಣ ಎಲ್ಲಿಂದ ಎಂದು ಹೇಳಬೇಕು. ಅಪ್ಪನಿಗೆ ತೋಟವಿದೆ. ತೋಟಕ್ಕೆ ಬೆಲೆಯಿದೆ. ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋದರೆ ಆಸ್ತಿಯ ಮೌಲ್ಯ ಕೋಟಿ ದಾಟುತ್ತದೆ ಎಂದು ಬರೆದುಕೊಡುತ್ತಾರೆ. ಆದರೆ ತೋಟವನ್ನು ಕಾಲೇಜಿನ ಫೀಸಿಗೆ ಕಟ್ಟಲು ಆಗುವುದಿಲ್ಲ. ವೀಸಾ ಅಧಿಕಾರಿ ಕೇಳುವುದು ಬೇಕಾದಾಗ ತೆಗೆಯಬಹುದಾದ ಹಣವನ್ನು. ಬ್ಯಾಂಕಿನ ಉಳಿತಾಯ, ಠೇವಣಿ, ಮಂಜೂರಾದ ಸಾಲ, ವಿದ್ಯಾರ್ಥಿವೇತನ, ಇವು ಆ ಲೆಕ್ಕಕ್ಕೆ ಸೇರುತ್ತವೆ.

ಕೃಷಿಕರ ಮನೆಯಲ್ಲಿ ಇನ್ನೊಂದು ತೊಡಕು. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ತೆರಿಗೆಯ ಕಾಗದದಲ್ಲಿ ಆದಾಯ ಚಿಕ್ಕದಾಗಿ ಕಾಣುತ್ತದೆ, ಇಲ್ಲವೇ ಕಾಗದವೇ ಇರುವುದಿಲ್ಲ. ಹಾಗಿದ್ದರೂ ಹೆದರಬೇಕಿಲ್ಲ. ಮ್ಯಾಮ್ಕೋಸ್, ಕ್ಯಾಂಪ್ಕೋದಂಥ ಸಹಕಾರ ಸಂಘಕ್ಕೆ ಅಡಿಕೆ ಹಾಕಿದ ಬಿಲ್ಲುಗಳಿರುತ್ತವೆ. ಆ ಹಣ ಬ್ಯಾಂಕಿಗೆ ಬಿದ್ದ ದಾಖಲೆ ಇರುತ್ತದೆ. ಮೂರು ವರ್ಷದ ಬಿಲ್ಲು ಮತ್ತು ಪಾಸ್‌ಬುಕ್ ಜೊತೆಗಿಟ್ಟರೆ ಆ ಹಣದ ಕಥೆ ತಾನೇ ಹೊರಬರುತ್ತದೆ. ಕಾಫಿ ಬೆಳೆಗಾರರಿಗೂ ರೇಷ್ಮೆಯವರಿಗೂ ಇದೇ ಮಾತು. ಸಾಲ ಬೇಕಾದವರಿಗೆ ಕೇಂದ್ರ ಸರ್ಕಾರದ ವಿದ್ಯಾಲಕ್ಷ್ಮಿ ಜಾಲತಾಣ 2015ರಿಂದ ಇದೆ. ಒಂದೇ ಅರ್ಜಿಯನ್ನು ಹಲವು ಬ್ಯಾಂಕುಗಳಿಗೆ ಕಳಿಸಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಹೊರದೇಶದ ಓದಿಗೆಂದೇ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಸಾಲದ ಮಂಜೂರಾತಿ ಪತ್ರವಾಗಲಿ ವಿದ್ಯಾರ್ಥಿವೇತನದ ಪತ್ರವಾಗಲಿ ಗಟ್ಟಿ ಕಾಗದ. ಸಾಲ ಮಾಡಿ ಓದುವುದು ಅವಮಾನವಲ್ಲ. ವೀಸಾ ಕೌಂಟರಿನಲ್ಲೂ ಅಲ್ಲ.

ಇಲ್ಲೇ ಒಂದು ಅಡ್ಡದಾರಿ ಎದುರಾಗುತ್ತದೆ. ‘ಹಣ ತೋರಿಸಬೇಕಾ, ನಾವು ತೋರಿಸಿಕೊಡ್ತೀವಿ’ ಎನ್ನುವವರಿದ್ದಾರೆ. ಬಡ್ಡಿಗೆ ಹಣ ತಂದು ಒಂದು ತಿಂಗಳು ನಿಮ್ಮ ಖಾತೆಯಲ್ಲಿ ಇಡುತ್ತಾರೆ. ಸಂದರ್ಶನ ಮುಗಿದ ಮರುದಿನ ತೆಗೆದುಕೊಂಡು ಹೋಗುತ್ತಾರೆ. ಒಮ್ಮೆಗೇ ಬಂದು ಬಿದ್ದ ಮೂವತ್ತು ಲಕ್ಷ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಳ್ಳಬೇಡಿ. ಅಂಥ ಖಾತೆಗಳನ್ನು ನೋಡುವುದೇ ಆ ಅಧಿಕಾರಿಗಳ ದಿನದ ಕೆಲಸ. ಅವರ ಕಣ್ಣು ತಪ್ಪಿಸಿ ವೀಸಾ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಎರಡನೆಯ ಸೆಮಿಸ್ಟರಿನ ಫೀಸು ಕಟ್ಟುವವರು ಯಾರು? ಸುಳ್ಳು ಹಣದಿಂದ ವೀಸಾ ಸಿಗಬಹುದು, ಓದು ಸಾಗುವುದಿಲ್ಲ.

ಹೆಸರು ಆಯಿತು, ಹಣ ಆಯಿತು. ಎರಡರಲ್ಲೂ ನಾವು ಕಂಡದ್ದು ಒಂದೇ. ಕಾಗದಗಳು ಒಂದಕ್ಕೊಂದು ಹೊಂದಬೇಕು, ಸತ್ಯಕ್ಕೂ ಹೊಂದಬೇಕು. ಈಗ ಮೂರನೆಯದು, ಡಿಎಸ್-160.

ಈ ಅರ್ಜಿಯಲ್ಲಿ ಹಲವು ಪ್ರಶ್ನೆಗಳಿವೆ. ಅದರಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ.

ಒಂದು: ನಿಮ್ಮ ಬಂಧುಗಳು ಅಮೆರಿಕದಲ್ಲಿದ್ದಾರೆಯೇ? ನಮ್ಮ ಹುಡುಗಿಯ ಚಿಕ್ಕಪ್ಪ ಅಲ್ಲಿದ್ದಾರೆ. ‘ಇದ್ದಾರೆ ಅಂತ ಬರೆದರೆ ವೀಸಾ ಕೊಡೋದಿಲ್ಲ, ಇಲ್ಲ ಅಂತ ಬರಿ’ ಎಂದು ಯಾರೋ ಕಿವಿಯಲ್ಲಿ ಹೇಳುತ್ತಾರೆ. ಚಿಕ್ಕಪ್ಪ ಅಲ್ಲಿರುವುದು ತಪ್ಪಲ್ಲ. ಅದನ್ನು ಮುಚ್ಚಿಡುವುದು ತಪ್ಪು.

ಎರಡು: ಕಳೆದ ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳು ಯಾವುವು? 2019ರಿಂದ ಇದನ್ನು ಕೇಳುತ್ತಿದ್ದಾರೆ. 2025ರ ಜೂನ್‌ನಲ್ಲಿ ಇನ್ನೊಂದು ಸೇರಿತು. ವಿದ್ಯಾರ್ಥಿಗಳು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದರು. ಆ ನಿಯಮ ಬರುವ ಮೊದಲು ಮೇ ಕೊನೆಯಿಂದ ಕೆಲವು ವಾರ ಹೊಸ ಸಂದರ್ಶನದ ದಿನಾಂಕ ಕೊಡುವುದನ್ನೇ ನಿಲ್ಲಿಸಿದ್ದರು. ಆಗಸ್ಟ್‌ನಲ್ಲಿ ತರಗತಿ ಇದ್ದವರ ಮನೆಯಲ್ಲಿ ಆ ದಿನಗಳು ಹೇಗೆ ಕಳೆದಿರಬಹುದು ಎಂದು ನೀವೇ ಊಹಿಸಿ. ಈಗ ಬಳಸದ ಹಳೆಯ ಖಾತೆ ಇದ್ದರೂ, ಐದು ವರ್ಷದೊಳಗಿನದಾದರೆ ಬರೆಯಿರಿ.

ಮೂರು: ಈ ಅರ್ಜಿ ತುಂಬಲು ನಿಮಗೆ ಯಾರಾದರೂ ನೆರವಾದರೇ? ಹೌದು, ಈ ಪ್ರಶ್ನೆಯೂ ಅರ್ಜಿಯಲ್ಲೇ ಇದೆ. ನೆರವು ಪಡೆಯುವುದಕ್ಕೆ ಅಡ್ಡಿಯಿಲ್ಲ. ನೆರವು ಕೊಟ್ಟವರ ಹೆಸರು ಬರೆಯಬೇಕು, ಅಷ್ಟೆ. ಆದರೆ ಕೊನೆಗೆ ಸಹಿ ಹಾಕುವ ಗುಂಡಿ ಒತ್ತುವವರು ಅರ್ಜಿದಾರರೇ ಆಗಿರಬೇಕು. ಯಾರು ತುಂಬಿದರೂ ತಪ್ಪು ಮಾಹಿತಿಯ ಹೊಣೆ ಸಹಿ ಹಾಕಿದವರದು. ‘ಅದು ಏಜೆಂಟ್ ಬರೆದದ್ದು ಸರ್, ನನಗೆ ಗೊತ್ತಿಲ್ಲ’ ಎಂಬ ಮಾತು ಆ ಕೌಂಟರಿನಲ್ಲಿ ನಡೆಯುವುದಿಲ್ಲ.

ದಿನಾಂಕ ಹಿಡಿದುಕೊಡುತ್ತೇವೆ ಎನ್ನುವವರ ವಿಷಯದಲ್ಲೂ ಎಚ್ಚರ ಬೇಕು. 2025ರ ಮಾರ್ಚ್‌ನಲ್ಲಿ ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ ಸುಮಾರು 2 ಸಾವಿರ ದಿನಾಂಕಗಳನ್ನು ರದ್ದು ಮಾಡಿತು. ಅವನ್ನು ಹಿಡಿದದ್ದು ಮನುಷ್ಯರಲ್ಲ, ಕಂಪ್ಯೂಟರ್ ಬಾಟ್‌ಗಳು. ಹಣ ಕೊಟ್ಟು ಅಂಥ ದಿನಾಂಕ ಕೊಂಡವರಿಗೆ ಹಣವೂ ಹೋಯಿತು, ದಿನಾಂಕವೂ ಹೋಯಿತು.

ಈಗ ನಾಲ್ಕನೆಯದು. ಇದಕ್ಕೇ ಎಲ್ಲರೂ ಹೆದರುವುದು. ಸಂದರ್ಶನ.

ಹೈದರಾಬಾದ್ ಬಳಿಯ ಚಿಲುಕೂರು ಬಾಲಾಜಿಗೆ ವೀಸಾ ಬಾಲಾಜಿ ಎಂದೇ ಹೆಸರು ಬಿದ್ದಿದೆ. ಹರಕೆ ಹೊತ್ತವರು 11 ಪ್ರದಕ್ಷಿಣೆ ಹಾಕುತ್ತಾರೆ. ಕೆಲಸ ಆದರೆ ಬಂದು 108 ಹಾಕುತ್ತಾರೆ. ಹಾಕಲಿ, ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಪ್ರದಕ್ಷಿಣೆ ಹಾಕುತ್ತಾ ತಮ್ಮ ಐ-20ಯನ್ನೂ ಒಮ್ಮೆ ಓದಿಕೊಂಡರೆ ಒಳ್ಳೆಯದು.

ಸಂದರ್ಶನ ನಡೆಯುವುದು ಹೀಗೆ. ಗಾಜಿನ ಆಚೆ ಅಧಿಕಾರಿ. ಈಚೆ ನಿಂತುಕೊಂಡ ವಿದ್ಯಾರ್ಥಿ. ಅಪ್ಪ ಅಮ್ಮ ಒಳಗೆ ಬರುವಂತಿಲ್ಲ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಮಾತು ನಡೆಯುವುದು ಎರಡು ಮೂರು ನಿಮಿಷ. ಕಷ್ಟಪಟ್ಟು ಜೋಡಿಸಿ ತಂದ ಕಡತವನ್ನು ಎಷ್ಟೋ ಸಲ ತೆರೆಯಲು ಕೂಡ ಹೇಳುವುದಿಲ್ಲ. ಕಾಗದ ನೋಡದೆ ನಿರ್ಧಾರ ಹೇಗೆ ಎಂದು ಮನೆಯವರಿಗೆ ಸಿಟ್ಟು ಬರುತ್ತದೆ. ಆದರೆ ಅರ್ಜಿ ಅಧಿಕಾರಿಯ ಮುಂದಿನ ಪರದೆಯ ಮೇಲಿರುತ್ತದೆ. ಅರ್ಜಿಯಲ್ಲಿ ಓದಿದ್ದಕ್ಕೂ ಬಾಯಿಂದ ಬರುವುದಕ್ಕೂ ತಾಳೆಯಾಗುತ್ತದೆಯೇ ಎಂದು ಅವರು ನೋಡುತ್ತಾರೆ.

ಇದರ ಹಿಂದೆ ಒಂದು ಕಾನೂನಿದೆ. 1952ರ ಅಮೆರಿಕದ ವಲಸೆ ಕಾಯ್ದೆ. ಅದರ 214(ಬಿ) ಕಲಂ ಹೇಳುವುದು ಹೀಗೆ: ವೀಸಾ ಕೇಳಲು ಬಂದವರು ಅಲ್ಲೇ ನೆಲೆಸಲು ಬಂದವರು ಎಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ಕೋರ್ಟಿನಲ್ಲಿ ಆರೋಪ ಸಾಬೀತಾಗುವವರೆಗೆ ನಿರಪರಾಧಿ ಅಲ್ಲವೇ? ಇಲ್ಲಿ ಅದಕ್ಕೆ ತಿರುಗಾಮುರುಗಾ. ಇದು ಗೊತ್ತಿದ್ದರೆ ಅಧಿಕಾರಿಯ ಪ್ರಶ್ನೆ ಒರಟಾಗಿ ಕೇಳಿಸುವುದಿಲ್ಲ. ಕಾನೂನು ಹೇಳಿದ ಕೆಲಸವನ್ನು ಅವರು ಮಾಡುತ್ತಿದ್ದಾರೆ.

ಪ್ರಶ್ನೆಗಳನ್ನೆಲ್ಲ ಸೋಸಿದರೆ ಉಳಿಯುವುದು ಮೂರು. ಈ ಓದು ಯಾಕೆ? ಹಣ ಯಾರದು? ಓದಿದ ಮೇಲೆ ಏನು?

ನಮ್ಮ ಹುಡುಗಿಯನ್ನು ಕೌಂಟರಿನ ಮುಂದೆ ನಿಲ್ಲಿಸೋಣ. ಅಧಿಕಾರಿ ಕೇಳುತ್ತಾರೆ: ‘ಈ ವಿಶ್ವವಿದ್ಯಾಲಯವನ್ನೇ ಯಾಕೆ ಆರಿಸಿಕೊಂಡಿರಿ?’ ಏಜೆಂಟರು ಬರೆದುಕೊಟ್ಟ ಉತ್ತರ ಒಂದಿದೆ. ಆ ವಿಶ್ವವಿದ್ಯಾಲಯ ಜಗತ್ಪ್ರಸಿದ್ಧ, ಅಲ್ಲಿನ ಅಧ್ಯಾಪಕರು ಅತ್ಯುತ್ತಮ, ಪ್ರಯೋಗಾಲಯ ಅತ್ಯಾಧುನಿಕ. ಅದೇ ಉತ್ತರವನ್ನು ಅಧಿಕಾರಿ ಅದೇ ಬೆಳಿಗ್ಗೆ ಇನ್ನೂ ಹತ್ತು ಮಂದಿಯ ಬಾಯಲ್ಲಿ ಕೇಳಿರುತ್ತಾರೆ. ನಮ್ಮ ಹುಡುಗಿ ಬೇರೆ ಮಾತು ಹೇಳಬಹುದು. ‘ನಮ್ಮೂರಲ್ಲಿ ಜುಲೈನಲ್ಲಿ ಹೊಳೆ ಉಕ್ಕುತ್ತದೆ, ಏಪ್ರಿಲ್‌ನಲ್ಲಿ ಬಾವಿ ಒಣಗುತ್ತದೆ. ಎರಡು ವರ್ಷ ಕೆಲಸ ಮಾಡಿದ ಕಡೆ ನಾನು ಮಳೆನೀರಿನ ಚರಂಡಿಗಳ ವಿನ್ಯಾಸ ಮಾಡಿದೆ. ಅಂತರ್ಜಲದ ಲೆಕ್ಕ ನನಗೆ ಬರುವುದಿಲ್ಲ. ಈ ಕೋರ್ಸಿನಲ್ಲಿ ಅದಕ್ಕೆಂದೇ ಎರಡು ವಿಷಯಗಳಿವೆ.’ ಇಂಗ್ಲಿಷ್ ತುಸು ತಡವರಿಸಲಿ, ಚಿಂತೆಯಿಲ್ಲ. ಈ ಉತ್ತರ ಅವಳದು. ಇದನ್ನು ಇನ್ನೊಬ್ಬರು ಹೇಳಲಾರರು.

‘ಹಣ ಯಾರು ಕೊಡುತ್ತಾರೆ?’ ‘ಬ್ಯಾಂಕಿನಿಂದ ಮೂವತ್ತು ಲಕ್ಷ ಸಾಲ ಮಂಜೂರಾಗಿದೆ. ಉಳಿದದ್ದು ಅಪ್ಪನ ಉಳಿತಾಯ. ನಮಗೆ ಅಡಿಕೆ ತೋಟವಿದೆ.’ ಮೂರು ವಾಕ್ಯ ಸಾಕು.

‘ಓದು ಮುಗಿದ ಮೇಲೆ?’ ಇಲ್ಲಿ ನಮ್ಮ ಮಕ್ಕಳು ಗಾಬರಿಯಾಗುತ್ತಾರೆ. ‘ವಾಪಸು ಬಂದೇ ಬರ್ತೀನಿ’ ಎಂದು ಆಣೆ ಹಾಕುವವರಿದ್ದಾರೆ. ಅಮ್ಮನಿಗೆ ಹುಷಾರಿಲ್ಲ ಎಂದು ಕಣ್ಣೀರು ಹಾಕುವವರೂ ಇದ್ದಾರೆ. ಆಣೆಗೂ ಕಣ್ಣೀರಿಗೂ ಅಲ್ಲಿ ಬೆಲೆಯಿಲ್ಲ. ಓದಿದ ವಿದ್ಯೆಗೆ ಇಲ್ಲಿ ಏನು ಕೆಲಸವಿದೆ ಎಂದು ತಿಳಿದಿರಬೇಕು. ಓದಿನ ನಂತರ ಒಂದು ವರ್ಷ ಅಲ್ಲಿ ಕೆಲಸದ ತರಬೇತಿಗೆ ಕಾನೂನಿನಲ್ಲಿ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನದ ವಿಷಯಗಳಿಗೆ ಇನ್ನೆರಡು ವರ್ಷ ಹೆಚ್ಚು. ಆ ಬಗ್ಗೆ ಕೇಳಿದರೆ ಗೊತ್ತಿಲ್ಲ ಎಂದು ನಟಿಸಬೇಕಾಗಿಲ್ಲ. ಗೊತ್ತಿದೆ ಎನ್ನಿ. ಆದರೆ ಹೋಗುತ್ತಿರುವುದು ಅದಕ್ಕಾಗಿಯೇ ಎಂದಾದರೆ ಅದು ವಿದ್ಯಾರ್ಥಿ ವೀಸಾದ ಕೆಲಸವಲ್ಲ.

ಕೇಳುಗರೇ, ಇಲ್ಲಿಯವರೆಗೆ ನಾಲ್ಕು ಜಾಗ ನೋಡಿದೆವು. ಹೆಸರು, ಹಣ, ಅರ್ಜಿ, ಸಂದರ್ಶನ. ನಾಲ್ಕರಲ್ಲೂ ಪ್ರಶ್ನೆ ಒಂದೇ: ಇದು ನಿಮ್ಮದೇ, ನಿಜವೇ? ಎಲ್ಲ ಸರಿಯಿದ್ದೂ ವೀಸಾ ಸಿಗದಿದ್ದರೆ? ಈಗ ಆ ಮಾತು.

ಅದೂ ಆಗುತ್ತದೆ. 2024ರ ಲೆಕ್ಕದ ವರ್ಷದಲ್ಲಿ ಇಡೀ ಜಗತ್ತಿನಿಂದ ಈ ವೀಸಾಕ್ಕೆ ಬಂದ ಅರ್ಜಿಗಳು ಸುಮಾರು 6 ಲಕ್ಷ 80 ಸಾವಿರ. ಅದರಲ್ಲಿ ಸುಮಾರು 2 ಲಕ್ಷ 80 ಸಾವಿರಕ್ಕೆ ಇಲ್ಲ ಎಂದರು. ನೂರಕ್ಕೆ ಸುಮಾರು ನಲವತ್ತೊಂದು. ಆದ್ದರಿಂದ ವೀಸಾ ತಪ್ಪಿದರೆ ಅದು ಮನೆತನದ ಮಾನದ ಪ್ರಶ್ನೆಯಲ್ಲ. ಊರಿಗೆಲ್ಲ ಸಿಹಿ ಹಂಚುವ ಮೊದಲು ಈ ಸಂಖ್ಯೆ ನೆನಪಿರಲಿ.

ತಿರಸ್ಕಾರದಲ್ಲಿ ಮುಖ್ಯವಾಗಿ ಮೂರು ಬಗೆ. ಇದನ್ನು ಗಮನವಿಟ್ಟು ಕೇಳಿ.

ಮೊದಲನೆಯದು 1952ರ ಅದೇ ಕಾಯ್ದೆಯ 221(ಜಿ) ಕಲಂ. ಇನ್ನೂ ಕೆಲವು ಕಾಗದ ಬೇಕು, ಇಲ್ಲವೇ ಇನ್ನಷ್ಟು ಪರಿಶೀಲನೆ ಬೇಕು ಎಂದು ಅರ್ಥ. ಕೇಳಿದ್ದನ್ನು ಕೊಟ್ಟು ಕಾಯಬೇಕು.

ಎರಡನೆಯದು ಆಗಲೇ ಹೇಳಿದ 214(ಬಿ). ಅಧಿಕಾರಿಗೆ ನಂಬಿಕೆ ಬರಲಿಲ್ಲ ಎಂದು ಅರ್ಥ. ಇದಕ್ಕೆ ಮೇಲ್ಮನವಿ ಇಲ್ಲ. ಆದರೆ ಇದು ಶಾಶ್ವತವೂ ಅಲ್ಲ. ಮತ್ತೆ ಶುಲ್ಕ ಕಟ್ಟಿ ಮತ್ತೆ ಅರ್ಜಿ ಹಾಕಬಹುದು. ಹೊಸ ಅರ್ಜಿಯಲ್ಲಿ ಹಿಂದೆ ನಿರಾಕರಣೆಯಾಗಿತ್ತೇ ಎಂದು ಕೇಳುತ್ತಾರೆ. ಆಗಿತ್ತು ಎಂದೇ ಬರೆಯಿರಿ. ಅವರಲ್ಲಿ ದಾಖಲೆ ಇದೆ.

ಮೂರನೆಯದು ಕಡು ಕಠಿಣ. ಅದೇ ಕಾಯ್ದೆಯ 212ನೆಯ ಕಲಂ. ಬೇಕೆಂದೇ ಸುಳ್ಳು ಹೇಳಿದರೆ, ಖೋಟಾ ಕಾಗದ ಕೊಟ್ಟರೆ, ಆ ವ್ಯಕ್ತಿ ಅಮೆರಿಕದ ವೀಸಾಕ್ಕೆ ಜೀವನಪೂರ್ತಿ ಅನರ್ಹ. ಇದನ್ನು ಸಡಿಲಿಸಿಕೊಳ್ಳಲು ವಿಶೇಷ ಅನುಮತಿಯ ದಾರಿ ಇದ್ದರೂ ಅದು ಬಹಳ ಕಷ್ಟದ ದಾರಿ. ಇಪ್ಪತ್ತೆರಡು ವರ್ಷಕ್ಕೆ ಹೇಳಿದ ಸುಳ್ಳು ನಲವತ್ತನೆಯ ವಯಸ್ಸಿನಲ್ಲಿ ಕಂಪನಿಯ ಕೆಲಸಕ್ಕೆಂದು ಹೊರಟಾಗಲೂ ಅಡ್ಡ ನಿಲ್ಲುತ್ತದೆ. ವೀಸಾ ತಪ್ಪಿದರೆ ಹೋಗುವುದು ಒಂದು ವರ್ಷ. ಸುಳ್ಳು ಸಿಕ್ಕಿಬಿದ್ದರೆ ಹೋಗುವುದು ಬಾಗಿಲೇ. ಇಂಥ ನಷ್ಟ ಏಜೆಂಟರಿಗೆ ಆಗುವುದಿಲ್ಲ, ಮಕ್ಕಳಿಗೆ ಆಗುತ್ತದೆ.

ವೀಸಾ ಸಿಕ್ಕಿದರೆ ಎಲ್ಲ ಮುಗಿಯಿತೇ? ಇಲ್ಲ. ಐದನೆಯ ಎಚ್ಚರಿಕೆ ಇಲ್ಲಿದೆ. ಅದು ವಿಶ್ವವಿದ್ಯಾಲಯದ ಬಗ್ಗೆ.

ಎರಡು ಘಟನೆ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈ-ವ್ಯಾಲಿ ಎಂಬ ವಿಶ್ವವಿದ್ಯಾಲಯವಿತ್ತು. ಐ-20 ಕೊಡುವ ಮಾನ್ಯತೆಯೂ ಅದಕ್ಕಿತ್ತು. ಅಲ್ಲಿ ಸುಮಾರು 1,500 ವಿದ್ಯಾರ್ಥಿಗಳು. ಬಹುಪಾಲು ಭಾರತೀಯರು, ಅದರಲ್ಲೂ ಆಂಧ್ರದವರು. 2011ರ ಜನವರಿಯಲ್ಲಿ ಅಧಿಕಾರಿಗಳು ದಾಳಿ ಮಾಡಿದರು. ದಾಖಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳ ವಿಳಾಸ ಸನಿವೇಲ್ ಊರಿನ ಒಂದೇ ಮನೆಯಾಗಿತ್ತು! ಅದು ಓದಿನ ಜಾಗವಾಗಿರಲಿಲ್ಲ, ವೀಸಾ ಮಾರುವ ಅಂಗಡಿಯಾಗಿತ್ತು. ಕೆಲವು ವಿದ್ಯಾರ್ಥಿಗಳ ಕಾಲಿಗೆ ನಿಗಾ ಇಡುವ ಯಂತ್ರ ಕಟ್ಟಿದರು. ಭಾರತ ಸರ್ಕಾರ ಪ್ರತಿಭಟಿಸಿತು. 2014ರಲ್ಲಿ ಸಂಸ್ಥೆಯ ಒಡತಿಗೆ 16 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು.

ಎರಡನೆಯದು ಇನ್ನೂ ವಿಚಿತ್ರ. ಮಿಷಿಗನ್ ರಾಜ್ಯದಲ್ಲಿ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ. ಅಧ್ಯಾಪಕರಿಲ್ಲ, ತರಗತಿಯಿಲ್ಲ. ಸುಮಾರು 600 ವಿದ್ಯಾರ್ಥಿಗಳು ಹೆಸರು ನೋಂದಾಯಿಸಿ ಫೀಸು ಕಟ್ಟಿದ್ದರು. ಹೆಚ್ಚಿನವರು ಭಾರತೀಯರು. 2019ರ ಜನವರಿಯಲ್ಲಿ ನಿಜ ಹೊರಬಿತ್ತು. ಆ ವಿಶ್ವವಿದ್ಯಾಲಯ ನಡೆಸುತ್ತಿದ್ದದ್ದು ಅಮೆರಿಕ ಸರ್ಕಾರದ ವಲಸೆ ಇಲಾಖೆಯ ಗುಪ್ತ ಅಧಿಕಾರಿಗಳೇ. ಓದದೆ ವೀಸಾ ಉಳಿಸಿಕೊಳ್ಳುವವರನ್ನೂ ಅವರನ್ನು ಕರೆತರುವ ದಲ್ಲಾಳಿಗಳನ್ನೂ ಹಿಡಿಯಲು ಒಡ್ಡಿದ ಬಲೆ ಅದು. ಸರ್ಕಾರ ಹೀಗೆ ಮಾಡಬಹುದೇ ಎಂದು ಅಲ್ಲೂ ಚರ್ಚೆಯಾಯಿತು. ಚರ್ಚೆ ಏನೇ ಇರಲಿ, ಸಿಕ್ಕಿಬಿದ್ದವರ ವರ್ಷಗಳು ಮರಳಿ ಬರಲಿಲ್ಲ.

ಈ ಎರಡು ಘಟನೆಯಿಂದ ತಿಳಿಯುವುದು ಇಷ್ಟು. ಮಾನ್ಯತೆಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ. ಅಷ್ಟಕ್ಕೇ ನಿಲ್ಲಬೇಡಿ. ತರಗತಿ ಎಲ್ಲಿ ನಡೆಯುತ್ತದೆ, ಪಾಠ ಮಾಡುವವರು ಯಾರು, ಅಲ್ಲಿ ಈಗ ಓದುತ್ತಿರುವ ಇಬ್ಬರು ಏನು ಹೇಳುತ್ತಾರೆ, ವಿಚಾರಿಸಿ. ಮೊದಲ ದಿನದಿಂದಲೇ ಹೊರಗೆ ಕೆಲಸ ಮಾಡಬಹುದು, ತರಗತಿಗೆ ಬರಬೇಕಾಗಿಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಈ ವೀಸಾದಲ್ಲಿ ತರಗತಿ ನಡೆಯುವಾಗ ಕೆಲಸ ಸಾಮಾನ್ಯವಾಗಿ ಕ್ಯಾಂಪಸ್ಸಿನ ಒಳಗೆ ಮಾತ್ರ, ಅದೂ ವಾರಕ್ಕೆ ಹೆಚ್ಚೆಂದರೆ 20 ಗಂಟೆ. ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ ಕೈಗೆ ಹಣ ಪಡೆದು ದುಡಿಯುವುದು ನಿಯಮಕ್ಕೆ ವಿರುದ್ಧ.

ಕೊನೆಯದಾಗಿ ಪ್ರಯಾಣದ ಮಾತು. ವೀಸಾ ಎಂದರೆ ಅಮೆರಿಕದ ವಿಮಾನ ನಿಲ್ದಾಣದವರೆಗೆ ಹೋಗುವ ಅನುಮತಿ. ಒಳಗೆ ಬಿಡುವುದು ಅಲ್ಲಿರುವ ಅಧಿಕಾರಿಗೆ ಸೇರಿದ್ದು. ಅವರೂ ಅದೇ ಮೂರು ಪ್ರಶ್ನೆ ಕೇಳಬಹುದು. 2023ರ ಆಗಸ್ಟ್‌ನಲ್ಲಿ ಸುಮಾರು 20 ಭಾರತೀಯ ವಿದ್ಯಾರ್ಥಿಗಳನ್ನು ಹಾಗೆ ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಿದ್ದರು. ಮೊಬೈಲು, ಚಾಟುಗಳನ್ನೂ ತೆಗೆದು ನೋಡಿದರು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಆದ್ದರಿಂದ ಐ-20, ಸೀಟಿನ ಪತ್ರ, ಹಣದ ಕಾಗದ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆ ಬೇಡ. ತರಗತಿ ಶುರುವಾಗುವ ದಿನಕ್ಕೆ 30 ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ, ಟಿಕೆಟ್ ತೆಗೆಯುವಾಗ ಅದನ್ನೂ ನೋಡಿಕೊಳ್ಳಿ.

ಇನ್ನು ಮುಗಿಸುತ್ತೇನೆ. ಹಾಗಾದರೆ ಏಜೆಂಟರ ಹತ್ತಿರ ಹೋಗಲೇಬಾರದೇ ಎಂದು ನೀವು ಕೇಳಬಹುದು. ಹೋಗಬಹುದು. ಆದರೆ ಮೊದಲೇ ಕೆಲವು ಸಂಗತಿ ತಿಳಿದಿರಲಿ. ಹಲವು ಏಜೆಂಟರಿಗೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುತ್ತವೆ. ಅವರು ಯಾವುದನ್ನು ಹೊಗಳುತ್ತಾರೆ, ಯಾಕೆ ಹೊಗಳುತ್ತಾರೆ ಎಂದು ಯೋಚಿಸಿ. ಹಣ ಕೊಡದೆ ಸಲಹೆ ಪಡೆಯಲು ಅಮೆರಿಕ ಸರ್ಕಾರದ್ದೇ ಎಜುಕೇಶನ್ ಯುಎಸ್ಎ ಎಂಬ ವ್ಯವಸ್ಥೆ ಇದೆ. ಮಾಹಿತಿಯನ್ನು ಯಾರಿಂದ ಬೇಕಾದರೂ ಪಡೆಯಿರಿ. ಉತ್ತರವನ್ನು ಮಾತ್ರ ಕೊಳ್ಳಬೇಡಿ.

ಅಪ್ಪ ಅಮ್ಮಂದಿರಿಗೆ ಒಂದು ಕೆಲಸ ಹೇಳುತ್ತೇನೆ. ಸಂದರ್ಶನಕ್ಕೆ ಹೊರಡುವ ವಾರ ಮಗನನ್ನೋ ಮಗಳನ್ನೋ ಅಜ್ಜಿಯ ಎದುರು ಕೂರಿಸಿ. ಅಜ್ಜಿ ಕನ್ನಡದಲ್ಲೇ ಕೇಳಲಿ. ‘ಅಲ್ಲಿಗೆ ಹೋಗಿ ಏನು ಓದ್ತೀಯ? ದುಡ್ಡು ಯಾರದು? ಓದಿ ಏನು ಮಾಡ್ತೀಯ?’ ಅಜ್ಜಿಗೆ ಅರ್ಥವಾಗುವಂತೆ ಹೇಳಲು ಬಂದರೆ ಅಧಿಕಾರಿಗೂ ಹೇಳಲು ಬರುತ್ತದೆ. ಅಜ್ಜಿಯ ಮುಂದೆ ಬಾಯಿ ಕಟ್ಟಿದರೆ ಇಂಗ್ಲಿಷಿನದು ತಪ್ಪಲ್ಲ. ಆ ಓದು ಇನ್ನೂ ಆ ಮಗುವಿನದು ಆಗಿಲ್ಲ ಎಂದು ತಿಳಿಯಿರಿ. ಆಗ ವೀಸಾದ ದಿನಾಂಕವನ್ನು ಮುಂದೆ ಹಾಕುವುದರಲ್ಲಿ ನಷ್ಟವೇನೂ ಇಲ್ಲ. ಕೋರ್ಸಿನ ಬಗ್ಗೆಯೇ ಇನ್ನೊಮ್ಮೆ ಕೂತು ಮಾತಾಡಿ.